ಹಳೆಯ ಡೆಸ್ಕ್‌ಟಾಪ್‌ನಲ್ಲಿ ಜಿಟಿಎ 5 ತಡವರಿಸುತ್ತಿದೆ: ಗ್ರಾಫಿಕ್ಸ್ ಕಾರ್ಡ್ ಬದಲಿಸುವ ಮೊದಲು ಏನೇನು ನೋಡಬೇಕು?

ಬಯಲುಸೀಮೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಡೆಸ್ಕ್‌ಟಾಪ್ 2014ರಲ್ಲಿ ಜೋಡಿಸಿದ್ದು. ಇಂಟೆಲ್ ಕೋರ್ ಐ5-4570 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ಡಿಡಿಆರ್3 ರ‍್ಯಾಮ್, 2 ಜಿಬಿ ಮೆಮೊರಿಯ ಎನ್‌ವಿಡಿಯಾ ಜಿಟಿಎಕ್ಸ್ 750 ಟಿಐ ಕಾರ್ಡ್, 1 ಟಿಬಿ ಹಾರ್ಡ್ ಡಿಸ್ಕ್ ಮತ್ತು ವಿಂಡೋಸ್ 10 ಇವೆ. ಮಾನಿಟರ್ 1080ಪಿ, 60 ಹರ್ಟ್ಸ್‌ನದು.

ಜಿಟಿಎ 5 ಇದೇ ಯಂತ್ರದಲ್ಲಿ ಮೊದಲು ಚೆನ್ನಾಗಿಯೇ ಓಡುತ್ತಿತ್ತು. ಈಗ ಆಟ ಶುರುವಾದಾಗ ಸರಿಯಾಗಿರುತ್ತದೆ; ಕಾಲು ಗಂಟೆ ಕಳೆಯುವಷ್ಟರಲ್ಲಿ ಎಲ್ಲವೂ ಭಾರವಾಗುತ್ತದೆ. ಅದಲ್ಲದೆ ಕಾರನ್ನು ವೇಗವಾಗಿ ಓಡಿಸುವಾಗ ಚಿತ್ರ ಆಗಾಗ ಅರೆಕ್ಷಣ ನಿಂತು ಮುಂದೆ ಹೋಗುತ್ತದೆ. ನಮ್ಮೂರಿನ ಅಂಗಡಿಯವರು ಯಂತ್ರವನ್ನು ತೆರೆದು ನೋಡದೆಯೇ, ಗ್ರಾಫಿಕ್ಸ್ ಕಾರ್ಡ್ ಹಳೆಯದಾಯಿತು, ಹೊಸದನ್ನು ಹಾಕಿಸಿ ಎಂದರು. ಹಣ ಹಾಕುವ ಮೊದಲು ತಿಳಿದವರ ಅಭಿಪ್ರಾಯ ಕೇಳೋಣ ಎಂದು ಬರೆಯುತ್ತಿದ್ದೇನೆ.

ತುಂಗಾತೀರ:

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಅಳೆಯದೆ ಯಾವ ಭಾಗವನ್ನೂ ಕೊಳ್ಳಬೇಡಿ. ಜಿಟಿಎ 5 ಪಿಸಿಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ. ಆಗ ಆಟದವರೇ ಶಿಫಾರಸು ಮಾಡಿದ್ದು ಕೋರ್ ಐ5-3470, 8 ಜಿಬಿ ರ‍್ಯಾಮ್ ಮತ್ತು ಜಿಟಿಎಕ್ಸ್ 660. ನಿಮ್ಮ ಪ್ರೊಸೆಸರ್ ಅದಕ್ಕಿಂತ ಒಂದು ಪೀಳಿಗೆ ಮುಂದಿನದು, ಕಾರ್ಡ್ ಕೂಡ ಅದರ ಆಸುಪಾಸಿನ ಶಕ್ತಿಯದೇ. ಆದ್ದರಿಂದ ಮೊದಲು ಓಡುತ್ತಿದ್ದ ಆಟ ಈಗ ಓಡುತ್ತಿಲ್ಲವೆಂದರೆ, ಯಂತ್ರದೊಳಗೆ ಏನೋ ಬದಲಾಗಿದೆ ಎಂದೇ ಮೊದಲು ಅನುಮಾನಿಸಬೇಕು. ಅಂದಹಾಗೆ, 2025ರ ಮಾರ್ಚ್‌ನಲ್ಲಿ ಬಂದ ಎನ್‌ಹ್ಯಾನ್ಸ್ಡ್ ಆವೃತ್ತಿಯನ್ನು ನೀವು ಹಾಕಿಕೊಂಡಿಲ್ಲ ತಾನೆ? ಅದಕ್ಕೆ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಬಹಳ ವೇಗದ ಡಿಸ್ಕ್) ಇರಲೇಬೇಕು, ಕಾರ್ಡ್ ಕೂಡ ಇನ್ನಷ್ಟು ಹೊಸದಿರಬೇಕು. ನಿಮಗೆ ತಕ್ಕದ್ದು ಲೆಗಸಿ ಎಂಬ ಹೆಸರಿನಲ್ಲಿ ಉಳಿದಿರುವ ಹಳೆಯ ಆವೃತ್ತಿ.

ಅಳೆಯುವುದಕ್ಕೆ ಎಂಎಸ್ಐ ಆಫ್ಟರ್‌ಬರ್ನರ್ ಮತ್ತು ಅದರೊಂದಿಗೇ ಬರುವ ರಿವಾಟ್ಯೂನರ್ ಎಂಬ ತಂತ್ರಾಂಶಗಳು ಸಾಕು. ಎರಡೂ ಉಚಿತ, ಎರಡೂ ಯಾವ ಕಂಪನಿಯ ಕಾರ್ಡ್‌ಗಾದರೂ ನಡೆಯುತ್ತವೆ. ಗ್ರಾಫಿಕ್ಸ್ ಕಾರ್ಡ್‌ನ ಬಳಕೆ, ಅದರ ಮೆಮೊರಿ, ಸಿಪಿಯುವಿನ (ಪ್ರೊಸೆಸರ್‌ನ) ನಾಲ್ಕು ಕೋರ್‌ಗಳ ಬಳಕೆ, ಅವುಗಳ ವೇಗ, ತಾಪಮಾನ, ರ‍್ಯಾಮ್ ಬಳಕೆ ಮತ್ತು ಫ್ರೇಮ್ ಟೈಮ್ (ಒಂದೊಂದು ಫ್ರೇಮ್, ಅಂದರೆ ಚಿತ್ರ, ತಯಾರಾಗಲು ಹಿಡಿಯುವ ಹೊತ್ತು), ಇಷ್ಟನ್ನು ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿಕೊಂಡು ಅರ್ಧ ಗಂಟೆ ಆಡಿ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್‌ಗಳ ಸಂಖ್ಯೆ) ಒಂದನ್ನೇ ನೋಡಿದರೆ ಮೋಸಹೋಗುತ್ತೀರಿ. 60 ಎಫ್‌ಪಿಎಸ್ ಎಂದರೆ ಪ್ರತಿ ಫ್ರೇಮ್‌ಗೆ 16.7 ಮಿಲಿಸೆಕೆಂಡ್, ಐವತ್ತೊಂಬತ್ತು ಫ್ರೇಮ್‌ಗಳು ಹೊತ್ತಿಗೆ ಸರಿಯಾಗಿ ಬಂದು ಒಂದು ಮಾತ್ರ 200 ಮಿಲಿಸೆಕೆಂಡ್ ತೆಗೆದುಕೊಂಡರೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ, ಆದರೆ ಕಣ್ಣಿಗೆ ಆಟ ಸಿಕ್ಕಿಹಾಕಿಕೊಂಡಂತೆ ಅನಿಸುತ್ತದೆ. ನೀವು ಹೇಳುವ ಅರೆಕ್ಷಣದ ನಿಲುಗಡೆ ಆ ಜಾತಿಯದು. ಕಾಲು ಗಂಟೆಯ ನಂತರ ಬರುವ ಭಾರ ಇನ್ನೊಂದು ಜಾತಿಯದು. ಎರಡಕ್ಕೂ ಕಾರಣ ಒಂದೇ ಆಗಿರಬೇಕಿಲ್ಲ.

ಕಾರ್ಡ್‌ನ ಬಳಕೆ ಸದಾ 95 ಶೇಕಡಾದ ಮೇಲಿದ್ದರೆ ಕಾರ್ಡ್ ತನ್ನ ಮಿತಿ ಮುಟ್ಟಿದೆ ಎಂದರ್ಥ. ಅದು 50–60ರಲ್ಲಿ ಸುಮ್ಮನಿದ್ದು ಎಫ್‌ಪಿಎಸ್ ಮಾತ್ರ ಕಡಿಮೆಯಿದ್ದರೆ, ಕಾರ್ಡ್ ಬೇರೆ ಯಾರಿಗೋ ಕಾಯುತ್ತಿದೆ. ಇನ್ನೊಂದು ಸರಳ ಪರೀಕ್ಷೆಯಿದೆ: ರೆಸಲ್ಯೂಶನ್ ಅನ್ನು (ಚಿತ್ರದ ಚುಕ್ಕೆಗಳ ಸಂಖ್ಯೆಯನ್ನು) 1080ರಿಂದ 720ಕ್ಕೆ ಇಳಿಸಿ ಅದೇ ಬೀದಿಯಲ್ಲಿ ಓಡಾಡಿ. ಎಫ್‌ಪಿಎಸ್ ಏರದಿದ್ದರೆ ಹೊಸ ಕಾರ್ಡ್ ಹಾಕಿದರೂ ಏರುವುದಿಲ್ಲ.

ವೇಗಮಿತಿ:

ಅಳೆಯಲಿ, ಬೇಡವೆನ್ನುವುದಿಲ್ಲ. ಆದರೆ 2 ಜಿಬಿ ಮೆಮೊರಿಯ ಕಾರ್ಡ್‌ನ ಕಾಲ ಮುಗಿದಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಎಎಂಡಿಯ ಆರ್‌ಎಕ್ಸ್ 6400 ಕಾರ್ಡ್‌ಗೆ ಪ್ರತ್ಯೇಕ ಪವರ್ ಕೇಬಲ್ ಬೇಡ, ಹಳೆಯ ಎಸ್‌ಎಂಪಿಎಸ್‌ನಲ್ಲೇ (ಯಂತ್ರಕ್ಕೆ ವಿದ್ಯುತ್ ಪೂರೈಸುವ ಡಬ್ಬಿಯಲ್ಲೇ) ನಡೆಯುತ್ತದೆ, 4 ಜಿಬಿ ಮೆಮೊರಿ ಇದೆ. ಒಂದೇ ಸಲಕ್ಕೆ ತೊಂದರೆ ಮುಗಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಬೆಸುಗೆಕಡ್ಡಿ:

ವೇಗಮಿತಿ ಅವರೇ, ಈ ಸಲಹೆ ಈ ಮದರ್‌ಬೋರ್ಡ್‌ಗೆ ಹೊಂದುವುದಿಲ್ಲ. ಕಾರಣವನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಂಥ ಬೋರ್ಡ್‌ಗೆ ಈ ಕಾರ್ಡ್ ಕೊಂಡು ಬೇಸರಪಟ್ಟವರ ಯಂತ್ರಗಳು ನನ್ನ ಮೇಜಿಗೆ ಬರುತ್ತಿರುತ್ತವೆ. ಆರ್‌ಎಕ್ಸ್ 6400 ಕಾರ್ಡ್‌ನ ತುದಿ 16 ಲೇನ್‌ಗಳಷ್ಟು (ಲೇನ್ ಎಂದರೆ ಮಾಹಿತಿ ಸಾಗುವ ದಾರಿ) ಉದ್ದ ಕಂಡರೂ ಒಳಗೆ ನಾಲ್ಕೇ ಲೇನ್‌ಗಳು ಕೆಲಸ ಮಾಡುತ್ತವೆ. ಹೊಸ ಬೋರ್ಡ್‌ನ ಪಿಸಿಐಇ 4.0ರಲ್ಲಿ (ಕಾರ್ಡ್ ಚುಚ್ಚುವ ಸ್ಲಾಟ್‌ನ ನಾಲ್ಕನೆಯ ಪೀಳಿಗೆಯಲ್ಲಿ) ಆ ನಾಲ್ಕೇ ಲೇನ್‌ಗಳು ಸೆಕೆಂಡಿಗೆ ಸುಮಾರು 8 ಜಿಬಿ ಸಾಗಿಸುತ್ತವೆ. ಎಚ್81 ಚಿಪ್‌ಸೆಟ್ ಗ್ರಾಫಿಕ್ಸ್ ಸ್ಲಾಟ್ ಅನ್ನು ಪಿಸಿಐಇ 2.0ಕ್ಕೆ ಕಟ್ಟಿಹಾಕಿದೆ, ಪ್ರೊಸೆಸರ್‌ಗೆ 3.0 ಬಂದರೂ ಬೋರ್ಡ್ ಬಿಡುವುದಿಲ್ಲ. ಅಲ್ಲಿ ನಾಲ್ಕು ಲೇನ್‌ಗಳಿಂದ ಸಿಗುವುದು ಸೆಕೆಂಡಿಗೆ ಸುಮಾರು 2 ಜಿಬಿ ಮಾತ್ರ. ಕಾರ್ಡ್‌ನ ಮೆಮೊರಿ ತುಂಬಿ ರ‍್ಯಾಮ್‌ನಿಂದ ಏನನ್ನಾದರೂ ತರಬೇಕಾದ ಕ್ಷಣದಲ್ಲಿ ಆಟ ನಿಂತೇ ಹೋಗುತ್ತದೆ. ಇದೇ ಕಾರಣಕ್ಕೆ ಆರ್‌ಎಕ್ಸ್ 6500 ಎಕ್ಸ್‌ಟಿ ಕೂಡ ಹಳೆಯ ಬೋರ್ಡ್‌ಗೆ ಸಲ್ಲದು. ಮುಂದೆಂದಾದರೂ ಕಾರ್ಡ್ ಬದಲಿಸಲೇಬೇಕಾದರೆ, 16 ಲೇನ್‌ಗಳಿರುವ, 75 ವ್ಯಾಟ್‌ನ ಜಿಟಿಎಕ್ಸ್ 1650ರಂಥದ್ದನ್ನು ನೋಡಿ. ಅದರಲ್ಲಿ ಪವರ್ ಕೇಬಲ್ ಬೇಡದ ಮಾದರಿಗಳಿವೆ.

ಬಯಲುಸೀಮೆ ಅವರೇ, ಕಾಲು ಗಂಟೆಯ ನಂತರ ಭಾರವಾಗುತ್ತದೆ ಎಂದಿರಿ. ಆ ಹೊತ್ತಿನ ಸಿಪಿಯು ತಾಪಮಾನವನ್ನೂ ಗಿಗಾಹರ್ಟ್ಸ್ ಅನ್ನೂ ದಯವಿಟ್ಟು ತಿಳಿಸಿ. ಮಾನಿಟರ್‌ನ ಕೇಬಲ್ ಕಾರ್ಡ್‌ನಲ್ಲೇ ಚುಚ್ಚಿದೆಯೋ ಮದರ್‌ಬೋರ್ಡ್‌ನಲ್ಲಿದೆಯೋ ಎಂಬುದನ್ನೂ ನೋಡಿ. ಮನೆ ಗುಡಿಸುವಾಗ ಕಿತ್ತು ಮತ್ತೆ ಹಾಕುವಾಗ ಇದು ಅದಲುಬದಲಾಗುವುದು ತೀರಾ ಸಾಮಾನ್ಯ.

ಬಯಲುಸೀಮೆ:

ಕೇಬಲ್ ಕಾರ್ಡ್‌ನಲ್ಲೇ ಇದೆ. ಆಟ ಲೆಗಸಿ ಆವೃತ್ತಿಯೇ. ನಿನ್ನೆ ಸಂಜೆ ನೀವು ಹೇಳಿದಂತೆ ಎಲ್ಲವನ್ನೂ ಪರದೆಯ ಮೇಲೆ ಇಟ್ಟುಕೊಂಡು ಆಡಿದೆ. ನಾನಿರುವುದು ರಾಯಚೂರಿನಲ್ಲಿ, ಈ ತಿಂಗಳಲ್ಲಿ ಸಂಜೆಯೂ ಕೋಣೆ ಕಾದೇ ಇರುತ್ತದೆ.

ಶುರುವಿನಲ್ಲಿ ಎಫ್‌ಪಿಎಸ್ 50ರ ಸುತ್ತ, ಕಾರ್ಡ್‌ನ ಬಳಕೆ 97, ಸಿಪಿಯು 78 ಡಿಗ್ರಿ ಮತ್ತು 3.4 ಗಿಗಾಹರ್ಟ್ಸ್. ಹದಿನೈದು ನಿಮಿಷ ದಾಟಿದ ಮೇಲೆ ಸಿಪಿಯು 99–100 ಡಿಗ್ರಿ ಮುಟ್ಟಿ, ವೇಗ 2.4ಕ್ಕೂ ಅದಕ್ಕಿಂತ ಕೆಳಕ್ಕೂ ಇಳಿಯಿತು. ಆಗ ಕಾರ್ಡ್‌ನ ಬಳಕೆ 60ಕ್ಕೆ ಬಿದ್ದು, ಎಫ್‌ಪಿಎಸ್ 28–30 ಆಯಿತು. ಕಾರ್ಡ್‌ನ ತಾಪ ಮಾತ್ರ 70 ದಾಟಲಿಲ್ಲ. ಕಾರ್ಡ್‌ನ ಮೆಮೊರಿ ಪೂರ್ತಿ 2 ಜಿಬಿ ತುಂಬಿತ್ತು. ರ‍್ಯಾಮ್ 7.3 ಜಿಬಿ ಬಳಕೆಯಾಗಿತ್ತು. 720ಕ್ಕೆ ಇಳಿಸಿದಾಗ ಶುರುವಿನಲ್ಲಿ ಎಫ್‌ಪಿಎಸ್ ಏರಿತು, ಬಿಸಿಯಾದ ಮೇಲೆ ಏನೂ ಏರಲಿಲ್ಲ.

ಬೆಸುಗೆಕಡ್ಡಿ:

ನಿಮ್ಮ ಮೊದಲ ತೊಂದರೆ ಇಲ್ಲೇ ಸಿಕ್ಕಿತು. ಈ ಪ್ರೊಸೆಸರ್ ಸುಮಾರು 100 ಡಿಗ್ರಿಯನ್ನು ಮುಟ್ಟಿದ ಕೂಡಲೇ ಸುಟ್ಟುಹೋಗದಂತೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಐ5-4570ರ ಮೂಲ ವೇಗ 3.2 ಗಿಗಾಹರ್ಟ್ಸ್, ಗರಿಷ್ಠ 3.6. ಅದು 2.4ಕ್ಕೆ ಇಳಿದಿದೆ ಎಂದರೆ ನೀವು ಕಾಸು ಕೊಟ್ಟು ಕೊಂಡ ಶಕ್ತಿಯಲ್ಲಿ ದೊಡ್ಡ ಪಾಲು ಬಳಕೆಗೆ ಸಿಗುತ್ತಿಲ್ಲ. ಬಿಸಿಯಾದ ಮೇಲೆ ಕಾರ್ಡ್‌ನ ಬಳಕೆ 97ರಿಂದ 60ಕ್ಕೆ ಬಿದ್ದದ್ದೇ ಸಾಕ್ಷಿ: ಸಿಪಿಯು ಕೆಲಸ ಕೊಡುವುದು ತಡವಾಗಿ, ಕಾರ್ಡ್ ಕೈಕಟ್ಟಿ ಕೂತಿದೆ. ಈ ಸ್ಥಿತಿಯಲ್ಲಿ ಎಷ್ಟು ದುಬಾರಿ ಕಾರ್ಡ್ ಹಾಕಿದ್ದರೂ ಅದೇ 30 ಎಫ್‌ಪಿಎಸ್ ಬರುತ್ತಿತ್ತು.

ಈಗ ಯಂತ್ರವನ್ನು ತೆರೆಯಬೇಕು. ಮೇನ್ ಸ್ವಿಚ್ ಆರಿಸಿ, ಕೇಬಲ್ ಕಿತ್ತು, ಪವರ್ ಬಟನ್ ಅನ್ನು ಕೆಲವು ಸೆಕೆಂಡ್ ಒತ್ತಿಹಿಡಿದು ಉಳಿದ ವಿದ್ಯುತ್ ಹೋಗಲು ಬಿಡಿ. ಇಂಟೆಲ್‌ನ ಜೊತೆಗೆ ಬರುವ ಗುಂಡನೆಯ ಫ್ಯಾನ್ ಇದ್ದರೆ, ಅದರ ನಾಲ್ಕು ಮೂಲೆಗಳಲ್ಲಿ ಪ್ಲಾಸ್ಟಿಕ್ ಪಿನ್ನುಗಳಿರುತ್ತವೆ. ಒಂದೊಂದನ್ನೂ ಬೆರಳಿನಿಂದ ಮೆಲ್ಲಗೆ ಅಲುಗಾಡಿಸಿ ನೋಡಿ. ಬಿಳಿಯ ಸೀಳುಗಾಲು ಬೋರ್ಡ್‌ನ ಹಿಂಬದಿಯವರೆಗೆ ಇಳಿದು, ಅದರ ನಡುವೆ ಕರಿಯ ಕಡ್ಡಿ ಪೂರ್ತಿ ಹೊಕ್ಕು, ಕಾಲುಗಳು ಅಗಲಿರಬೇಕು. ಒಂದು ಪಿನ್ ಎದ್ದಿದ್ದರೂ ಹೀಟ್‌ಸಿಂಕ್ (ಫ್ಯಾನಿನ ಕೆಳಗೆ ಬಿಸಿ ಹೀರುವ ಲೋಹದ ಭಾಗ) ಒಂದು ಬದಿಗೆ ವಾಲಿ, ಪ್ರೊಸೆಸರ್‌ನ ಮೇಲ್ಮೈಗೆ ಸರಿಯಾಗಿ ತಾಗುವುದಿಲ್ಲ. ಹೊರಗಿನಿಂದ ನೋಡಿದರೆ ಫ್ಯಾನ್ ಚೆನ್ನಾಗಿ ತಿರುಗುತ್ತಲೇ ಇರುತ್ತದೆ. ಹಳೆಯ ಯಂತ್ರಗಳಲ್ಲಿ ನಾನು ಪದೇ ಪದೇ ಕಾಣುವ ದೋಷ ಇದು.

ಫ್ಯಾನ್ ಅನ್ನು ಬಿಚ್ಚುವಾಗ ಪಿನ್ನುಗಳ ತಲೆಯನ್ನು ಬಾಣದ ಗುರುತಿನ ಕಡೆಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆ ಎಳೆಯಬೇಕು. ಕೆಳಗಿನ ಹಳೆಯ ಥರ್ಮಲ್ ಪೇಸ್ಟ್ (ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಲೇಪ) ಒಣಗಿ ಸುಣ್ಣದ ಪುಡಿಯಂತಾಗಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಹತ್ತಿಬಟ್ಟೆಯಿಂದ ಎರಡೂ ಮೇಲ್ಮೈಗಳನ್ನು ಲೋಹ ಹೊಳೆಯುವವರೆಗೆ ಒರೆಸಿ, ಬಟಾಣಿಗಿಂತ ಚಿಕ್ಕದಾದ ಒಂದು ಹನಿ ಹೊಸ ಥರ್ಮಲ್ ಪೇಸ್ಟ್ ಅನ್ನು ಪ್ರೊಸೆಸರ್‌ನ ನಡುವೆ ಇಡಿ. ಕೂರಿಸುವಾಗ ಪಿನ್ನುಗಳನ್ನು ಎದುರುಬದುರಾಗಿ ಒತ್ತಬೇಕು: ಒಂದು ಮೂಲೆ, ನಂತರ ಅದರ ಕರ್ಣದ ಮೂಲೆ. ಒತ್ತುವ ಮೊದಲು ತಲೆಗಳನ್ನು ಮೊದಲಿನ ಸ್ಥಾನಕ್ಕೆ ತಿರುಗಿಸಿರಬೇಕು, ಇಲ್ಲದಿದ್ದರೆ ಕಚ್ಚುವುದಿಲ್ಲ. ಧೂಳನ್ನು ಬ್ರಷ್‌ನಿಂದ ತೆಗೆಯಿರಿ. ಬ್ಲೋವರ್ ಬಳಸುವುದಾದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ.

ತುಂಗಾತೀರ:

ಬೆಸುಗೆಕಡ್ಡಿ ಅವರು ಹೇಳಿದ್ದನ್ನು ಮೊದಲು ಮಾಡಿ. ಅದು ಮುಗಿಯುವವರೆಗೆ ಬೇರೆ ಯಾವ ಅಂಕಿಯನ್ನೂ ನಂಬಲಾಗದು. ಅದಾದ ಮೇಲೆ ಎರಡು ವಿಷಯ ಉಳಿಯುತ್ತವೆ.

ಮೊದಲನೆಯದು ರ‍್ಯಾಮ್. ಒಂದೇ ಕಡ್ಡಿ ಇರುವುದರಿಂದ ಪ್ರೊಸೆಸರ್‌ಗೆ ಒಂದೇ ಚಾನೆಲ್, ಅಂದರೆ ರ‍್ಯಾಮ್‌ಗೆ ಹೋಗಿಬರುವ ಒಂದೇ ದಾರಿ, ಸಿಗುತ್ತಿದೆ. ಡಿಡಿಆರ್3-1600ರ ಒಂದು ಚಾನೆಲ್ ಸೆಕೆಂಡಿಗೆ 12.8 ಜಿಬಿ ಸಾಗಿಸುತ್ತದೆ, ಎರಡಿದ್ದರೆ 25.6. ಜಿಟಿಎಯಂಥ ತೆರೆದ ಜಗತ್ತಿನ ಆಟದಲ್ಲಿ ಇದರ ಪರಿಣಾಮ ಸರಾಸರಿಗಿಂತ ಹೆಚ್ಚಾಗಿ ಕನಿಷ್ಠ ಎಫ್‌ಪಿಎಸ್‌ನಲ್ಲಿ ಕಾಣುತ್ತದೆ. ನಿಮ್ಮ ಬೋರ್ಡ್‌ನಲ್ಲಿ ಎರಡೇ ಸ್ಲಾಟ್‌ಗಳಿರುತ್ತವೆ, ಗರಿಷ್ಠ 16 ಜಿಬಿ ಹಿಡಿಸುತ್ತದೆ. ಆದ್ದರಿಂದ ಅದೇ ವೇಗದ ಇನ್ನೊಂದು 8 ಜಿಬಿ ಕಡ್ಡಿ ಹಾಕಿದರೆ ಸಾಕು. 7.3 ಜಿಬಿ ಈಗಾಗಲೇ ತುಂಬಿರುವುದರಿಂದ ವಿಂಡೋಸ್ ಉಳಿದದ್ದನ್ನು ಹಾರ್ಡ್ ಡಿಸ್ಕ್‌ನ ಪೇಜ್ ಫೈಲ್‌ಗೆ (ರ‍್ಯಾಮ್ ಸಾಲದಾಗ ಬಳಸುವ ಜಾಗಕ್ಕೆ) ದೂಡುತ್ತಿದೆ. ಆ ಕಾಟವೂ ತಪ್ಪುತ್ತದೆ. ಹಳೆಯ ಡಿಡಿಆರ್3 ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡರೆ ಮನೆಗೆ ತಂದ ರಾತ್ರಿಯೇ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ದೋಷ ತೋರಿಸಿದರೂ ಹಿಂತಿರುಗಿಸಿ. ಆ ಷರತ್ತನ್ನು ಕೊಳ್ಳುವಾಗಲೇ ಅಂಗಡಿಯವರೊಂದಿಗೆ ಮಾತಾಡಿಕೊಳ್ಳುವುದು ಒಳ್ಳೆಯದು.

ಎರಡನೆಯದು ಕಾರ್ಡ್‌ನ ಮೆಮೊರಿ. 750 ಟಿಐ ತನ್ನ ಸ್ವಂತ ಮೆಮೊರಿಯಿಂದ ಸೆಕೆಂಡಿಗೆ 86 ಜಿಬಿ ಓದಬಲ್ಲದು; ಅಲ್ಲಿ ಜಾಗ ಸಾಲದೆ ರ‍್ಯಾಮ್‌ಗೆ ಕೈಚಾಚಿದರೆ ನಿಮ್ಮ ಸ್ಲಾಟ್‌ನ ಮೂಲಕ ಸಿಗುವುದು ಹೆಚ್ಚೆಂದರೆ 8. ಆದ್ದರಿಂದ 2 ಜಿಬಿಯೊಳಗೆ ಉಳಿಯುವುದು ಅತಿ ಮುಖ್ಯ. ಆಟದ ಗ್ರಾಫಿಕ್ಸ್ ಪುಟದ ಮೇಲ್ಭಾಗದಲ್ಲೇ ವಿಡಿಯೊ ಮೆಮೊರಿಯ ಪಟ್ಟಿಯೊಂದು ಇದೆ. ಅದು 1,800 ಎಂಬಿಯ ಒಳಗಿರುವಂತೆ ನೋಡಿಕೊಳ್ಳಿ. ಚಿತ್ರದ ಅಂಚುಗಳನ್ನು ನಯಗೊಳಿಸುವ ಆಯ್ಕೆಗಳಲ್ಲಿ ಮೊದಲು ಭಾರವಾದ ಎಂಎಸ್‌ಎಎ ತೆಗೆದು ಹಗುರವಾದ ಎಫ್ಎಕ್ಸ್ಎಎ ಇಡಿ. ಹುಲ್ಲಿನ ಗುಣಮಟ್ಟವನ್ನು ನಾರ್ಮಲ್‌ಗೆ ಇಳಿಸಿ. ಊರಿನೊಳಗೆ ವ್ಯತ್ಯಾಸ ತಿಳಿಯದು, ಬೆಟ್ಟಗಾಡಿಗೆ ಹೋದರೆ ಎಫ್‌ಪಿಎಸ್ ಎಷ್ಟು ಉಳಿಯಿತೆಂದು ಗೊತ್ತಾಗುತ್ತದೆ. ನೆರಳು ಮತ್ತು ಪ್ರತಿಫಲನಗಳೂ ನಾರ್ಮಲ್ ಸಾಕು. ಅಡ್ವಾನ್ಸ್ಡ್ ಪುಟದಲ್ಲಿರುವುದೆಲ್ಲ ಆಫ್ ಇರಲಿ. ಜನಸಂದಣಿ ಮತ್ತು ದೂರದ ವಿವರಗಳ ಗೆರೆಗಳು ಹೆಚ್ಚಾಗಿ ಸಿಪಿಯು ಮೇಲೆ ಹೊರೆ ಹಾಕುತ್ತವೆ, ಅವನ್ನು ಅರ್ಧಕ್ಕೆ ತನ್ನಿ. ಟೆಕ್ಸ್‌ಚರ್ ಅನ್ನು (ವಸ್ತುಗಳ ಮೇಲ್ಮೈಯ ಚಿತ್ರಗಳ ಗುಣಮಟ್ಟವನ್ನು) ಮಾತ್ರ ಕೊನೆಗೆ ಮುಟ್ಟಿ, ಏಕೆಂದರೆ ಅದನ್ನು ಇಳಿಸಿದರೆ ಕಣ್ಣಿಗೆ ಆಗುವ ನಷ್ಟ ದೊಡ್ಡದು, ಮೆಮೊರಿ ಸಾಕಷ್ಟಿದ್ದರೆ ಎಫ್‌ಪಿಎಸ್‌ಗೆ ಆಗುವ ಲಾಭ ಚಿಕ್ಕದು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಆಟದೊಳಗೇ ಇರುವ ಬೆಂಚ್‌ಮಾರ್ಕ್ ಅನ್ನು ಪ್ರತಿ ಸಲವೂ ಓಡಿಸಿ.

ಸಂಪಿಗೆಮರ:

ನಡುವೆ ಬಂದದ್ದಕ್ಕೆ ಕ್ಷಮಿಸಿ, ನನ್ನದು ಇದೇ ಕಾಲದ ಲ್ಯಾಪ್‌ಟಾಪ್. ಪ್ರತ್ಯೇಕ ಕಾರ್ಡ್ ಇಲ್ಲ, ಇಂಟೆಲ್ ಎಚ್‌ಡಿ 4400 ಮಾತ್ರ. ರ‍್ಯಾಮ್ ಸೇರಿಸಿದರೆ ನನಗೂ ಪ್ರಯೋಜನವಾಗುತ್ತದೆಯೇ? ಗೇಮ್ ಬೂಸ್ಟರ್ ಎಂಬ ತಂತ್ರಾಂಶಗಳನ್ನು ಹಾಕಬಹುದೇ?

ತುಂಗಾತೀರ:

ನಿಮಗೆ ಇನ್ನೂ ಹೆಚ್ಚು ಪ್ರಯೋಜನ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿಯೇ ಇಲ್ಲ, ಅದು ರ‍್ಯಾಮ್ ಅನ್ನೇ ಹಂಚಿಕೊಳ್ಳುತ್ತದೆ. ಆದ್ದರಿಂದ ಎರಡನೆಯ ಚಾನೆಲ್ ತೆರೆದರೆ ಎಫ್‌ಪಿಎಸ್ ನೇರವಾಗಿ ಏರುತ್ತದೆ. ಕೊಳ್ಳುವಾಗ ಡಿಡಿಆರ್3ಎಲ್ ಎಂದು ಕೇಳಿ. ಆ ಪೀಳಿಗೆಯ ಲ್ಯಾಪ್‌ಟಾಪ್‌ಗಳಿಗೆ 1.35 ವೋಲ್ಟ್‌ನದೇ ಬೇಕು, 1.5 ವೋಲ್ಟ್‌ನದು ಹಾಕಿದರೆ ಯಂತ್ರ ಶುರುವಾಗದಿರಬಹುದು. ಆಡುವಾಗ ಚಾರ್ಜರ್ ಹಾಕಿರಲಿ. ಬ್ಯಾಟರಿಯಲ್ಲಿ ಪ್ರೊಸೆಸರ್ ಉದ್ದೇಶಪೂರ್ವಕವಾಗಿ ನಿಧಾನವಾಗುತ್ತದೆ. ಲ್ಯಾಪ್‌ಟಾಪ್ ಹಾಸಿಗೆಯ ಮೇಲಿದ್ದರೆ ಗಾಳಿ ಹೋಗುವ ದಾರಿ ಮುಚ್ಚುತ್ತದೆ, ಮೇಜಿನ ಮೇಲಿಡಿ. ರೆಸಲ್ಯೂಶನ್ 720ಕ್ಕೆ ಇಳಿಸಿ.

ಬೂಸ್ಟರ್‌ಗಳು ಬೇಡ. ಅವು ಮಾಡುವುದು ಹಿನ್ನೆಲೆಯ ಕೆಲವು ಕೆಲಸಗಳನ್ನು ಮುಚ್ಚುವುದಷ್ಟೇ. ಅದನ್ನು ನೀವೇ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದಲ್ಲಿ ಮಾಡಬಹುದು. ಅದರ ಜೊತೆಗೆ ಬೂಸ್ಟರ್ ತಾನೇ ಒಂದಷ್ಟು ರ‍್ಯಾಮ್ ತಿನ್ನುತ್ತದೆ, ರಿಜಿಸ್ಟ್ರಿಯಲ್ಲಿ ಕೈಯಾಡಿಸುತ್ತದೆ. ಕಡಿಮೆ ಹಣದಲ್ಲಿ ಆಟವಾಡಬೇಕೆಂದು ಆಸೆಪಡುವ ಚಿಕ್ಕವರನ್ನೇ ಗುರಿಯಾಗಿಸಿಕೊಂಡು ಇವುಗಳ ಜಾಹೀರಾತು ಬರುವುದನ್ನು ನೋಡಿದಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಬಯಲುಸೀಮೆ:

ಬೆಸುಗೆಕಡ್ಡಿ ಅವರೇ, ಬಾಗಿಲ ಕಡೆಯ ಒಂದು ಪಿನ್ ಪೂರ್ತಿ ಎದ್ದುಬಂದಿತ್ತು. ಪೇಸ್ಟ್ ಉದುರುವ ಸ್ಥಿತಿಯಲ್ಲಿತ್ತು. ಎಲ್ಲವನ್ನೂ ನೀವು ಹೇಳಿದ ಕ್ರಮದಲ್ಲಿ ಮಾಡಿ ಮುಗಿಸಿದ ಮೇಲೆ, ಅದೇ ಕಾದ ಕೋಣೆಯಲ್ಲಿ, ಒಂದು ಗಂಟೆ ಆಡಿದರೂ ಸಿಪಿಯು 74 ದಾಟಲಿಲ್ಲ, ವೇಗ 3.4ರಿಂದ ಕೆಳಗಿಳಿಯಲಿಲ್ಲ. ಸೆಟ್ಟಿಂಗ್ಸ್ ಇಳಿಸಿದ ಮೇಲೆ ಊರಿನೊಳಗೆ 60 ಮುಟ್ಟುತ್ತದೆ. ರ‍್ಯಾಮ್ ಕೂಡ ಸಿಕ್ಕಿತು, ಮೆಮ್‌ಟೆಸ್ಟ್‌ನಲ್ಲಿ ಏನೂ ದೋಷ ಕಾಣಲಿಲ್ಲ. ಕಾಲು ಗಂಟೆಯ ನಂತರದ ಭಾರ ಪೂರ್ತಿ ಹೋಗಿದೆ.

ಆದರೆ ಕಾರನ್ನು ವೇಗವಾಗಿ ಓಡಿಸುವಾಗಿನ ನಿಲುಗಡೆ ಕಡಿಮೆಯಾಗಿದೆಯೇ ಹೊರತು ಹೋಗಿಲ್ಲ. ಕೆಲವೊಮ್ಮೆ ಮುಂದಿನ ರಸ್ತೆಯೇ ಕಾಣದೆ, ಮಸುಕಾದ ನೆಲದ ಮೇಲೆ ಕಾರು ಓಡುತ್ತದೆ. ಆ ಕ್ಷಣದಲ್ಲಿ ಡಿಸ್ಕ್‌ನ ಬಳಕೆ 100 ತೋರಿಸುತ್ತದೆ.

ಬೆಸುಗೆಕಡ್ಡಿ:

ಅದು ಹಾರ್ಡ್ ಡಿಸ್ಕ್‌ನದೇ ಕೆಲಸ. ಈ ಆಟ ಇಡೀ ನಗರವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವುದಿಲ್ಲ. ನೀವು ಸಾಗುವ ದಿಕ್ಕಿನ ಕಟ್ಟಡ, ರಸ್ತೆಗಳನ್ನು ಡಿಸ್ಕ್‌ನಿಂದ ತರುತ್ತಲೇ ಇರುತ್ತದೆ. ಹಾರ್ಡ್ ಡಿಸ್ಕ್‌ನ ಮುಳ್ಳು ಚದುರಿದ ತುಣುಕುಗಳನ್ನು ಓದುವಾಗ ಪ್ರತಿ ಸಲ ಜಾಗ ಹುಡುಕಿ ಹೋಗಬೇಕು. ಹಾಗಾಗಿ ಸೆಕೆಂಡಿಗೆ ನೂರರ ಆಸುಪಾಸಿನ ಓದುಗಳಷ್ಟೇ ಆಗುತ್ತವೆ. ಎಸ್‌ಎಸ್‌ಡಿಯಲ್ಲಿ ಅದು ಸಾವಿರಾರು.

ಕೊಳ್ಳುವ ಮೊದಲು ಇಂದೇ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ, 05 ಮತ್ತು ಸಿ5 ಎಂಬ ಸಾಲುಗಳನ್ನು ನೋಡಿ. 05 ಎಂದರೆ ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು, ಸಿ5 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವವು. ಎರಡೂ ಸೊನ್ನೆ ಇದ್ದರೆ ಡಿಸ್ಕ್ ನಿಧಾನ ಅಷ್ಟೇ. ಸೊನ್ನೆಗಿಂತ ಹೆಚ್ಚಿದ್ದು, ವಾರದಿಂದ ವಾರಕ್ಕೆ ಏರುತ್ತಿದ್ದರೆ, ಆಟದ ಮಾತು ಆಮೇಲೆ ಇರಲಿ, ಮನೆಯ ಫೋಟೋಗಳನ್ನು ಮೊದಲು ಬೇರೆಡೆಗೆ ನಕಲು ಮಾಡಿ.

ಎಸ್‌ಎಸ್‌ಡಿ ಕೊಳ್ಳುವಾಗ 2.5 ಇಂಚಿನ ಸಾಟಾ (ಹಾರ್ಡ್ ಡಿಸ್ಕ್‌ನಂತೆಯೇ ಕೇಬಲ್‌ನಿಂದ ಜೋಡಿಸುವ) ಮಾದರಿಯೇ ನಿಮಗೆ ತಕ್ಕದ್ದು. ಈ ಆಟವೊಂದೇ ನೂರು ಜಿಬಿಗಿಂತ ಹೆಚ್ಚು ಜಾಗ ಹಿಡಿಯುವುದರಿಂದ, ವಿಂಡೋಸ್ ಕೂಡ ಅಲ್ಲೇ ಇರಬೇಕಾದರೆ 240 ಜಿಬಿ ಬಹಳ ಇಕ್ಕಟ್ಟು, 480 ಅಥವಾ 500 ನೋಡಿ. ಎಚ್81ರಲ್ಲಿ ಸಾಟಾ ಪೋರ್ಟ್‌ಗಳೆಲ್ಲ ಒಂದೇ ವೇಗದವಲ್ಲ: ಎರಡು 6 ಗಿಗಾಬಿಟ್‌ನವು, ಉಳಿದವು 3ರವು. ಬೋರ್ಡ್‌ನ ಮೇಲೆ ಅಚ್ಚಾದ ಹೆಸರನ್ನು ಅಥವಾ ಕೈಪಿಡಿಯನ್ನು ನೋಡಿ 6ರದ್ದರಲ್ಲೇ ಚುಚ್ಚಿ. ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಸ್ವಂತ ಸೆಟ್ಟಿಂಗ್ಸ್ ಪುಟದಲ್ಲಿ) ಸಾಟಾದ ವಿಧಾನ ಎಎಚ್‌ಸಿಐ ಎಂದಿರಲಿ. ಎಸ್‌ಎಸ್‌ಡಿಗೆ ಡಿಫ್ರಾಗ್ (ಚದುರಿದ ತುಣುಕುಗಳನ್ನು ಒಟ್ಟುಗೂಡಿಸುವ ಕೆಲಸ) ಮಾಡಬಾರದು.

ವೇಗಮಿತಿ:

ಲೇನ್‌ಗಳ ವಿಷಯ ತಿಳಿಸಿದ್ದಕ್ಕೆ ಧನ್ಯವಾದ, ಬೆಸುಗೆಕಡ್ಡಿ ಅವರೇ. ಇನ್ನೊಂದು ಪ್ರಶ್ನೆ: ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಈ ಪ್ರೊಸೆಸರ್ ಅನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಎಸ್‌ಎಸ್‌ಡಿ ಹಾಕುವಾಗಲೇ ಲಿನಕ್ಸ್‌ಗೆ ಹೋಗುವುದು ಒಳ್ಳೆಯದಲ್ಲವೇ?

ತುಂಗಾತೀರ:

ಒಬ್ಬರೇ ಆಡುವ ಕಥೆಯ ಆಟಗಳಿಗೆ ಒಳ್ಳೆಯ ದಾರಿಯೇ. 2018ರಲ್ಲಿ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ಗೆ ಬಂದ ಪ್ರೋಟಾನ್ ಎಂಬ ತಂತ್ರಾಂಶದಿಂದಾಗಿ ವಿಂಡೋಸ್‌ಗೆಂದು ಮಾಡಿದ ಬಹಳಷ್ಟು ಆಟಗಳು ಲಿನಕ್ಸ್‌ನಲ್ಲಿ ನಡೆಯುತ್ತವೆ. ಆದರೆ ಮನೆಯಲ್ಲಿ ಯಾರಾದರೂ ವ್ಯಾಲರಂಟ್ ಆಡುವವರಿದ್ದರೆ ಅದು ಲಿನಕ್ಸ್‌ನಲ್ಲಿ ನಡೆಯದು, ಅದರ ಆ್ಯಂಟಿ-ಚೀಟ್ (ಆಟದಲ್ಲಿ ಮೋಸ ತಡೆಯುವ ತಂತ್ರಾಂಶ) ಬಿಡುವುದಿಲ್ಲ. ಜಿಟಿಎ ಆನ್‌ಲೈನ್ ಕೂಡ 2024ರ ಸೆಪ್ಟೆಂಬರ್‌ನಲ್ಲಿ ಅಂಥದ್ದೇ ಆದ ಬ್ಯಾಟಲ್‌ಐ ಬಂದ ಮೇಲೆ ಹಾಗೆಯೇ ಆಗಿದೆ. ಇನ್ನು ಡ್ರೈವರ್ (ಕಾರ್ಡ್ ಅನ್ನು ನಡೆಸುವ ತಂತ್ರಾಂಶ): 750 ಟಿಐ ಮ್ಯಾಕ್ಸ್‌ವೆಲ್ ಪೀಳಿಗೆಯದು. ಆ ಪೀಳಿಗೆಗೆ ಹೊಸ ಆಟಗಳ ಡ್ರೈವರ್‌ಗಳನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿ, 2028ರ ಅಕ್ಟೋಬರ್‌ವರೆಗೆ ಭದ್ರತೆಯ ತಿದ್ದುಪಡಿಗಳನ್ನಷ್ಟೇ ಕೊಡುವುದಾಗಿ ಹೇಳಿದೆ. ಡ್ರೈವರ್‌ಗಳಲ್ಲಿ 580ರ ಸರಣಿಯೇ ಅದಕ್ಕೆ ಕೊನೆಯದು. ಈ ಆಟಕ್ಕೆ ಅದರಿಂದ ತೊಂದರೆಯಿಲ್ಲ.

ಬಯಲುಸೀಮೆ:

ತಮ್ಮನಿಗೆ ಆನ್‌ಲೈನ್ ಬೇಕಾದ್ದರಿಂದ ಸದ್ಯಕ್ಕೆ ವಿಂಡೋಸ್‌ನಲ್ಲೇ ಉಳಿಯುತ್ತೇವೆ. ಡಿಸ್ಕ್‌ನಲ್ಲಿ 05, ಸಿ5 ಎರಡೂ ಸೊನ್ನೆ. ಎಸ್‌ಎಸ್‌ಡಿಯನ್ನು 6 ಗಿಗಾಬಿಟ್ ಪೋರ್ಟ್‌ಗೆ ಹಾಕಿ ವಿಂಡೋಸ್ ಮತ್ತು ಆಟ ಎರಡನ್ನೂ ಹೊಸದಾಗಿ ಹಾಕಿದೆವು. ಹೆದ್ದಾರಿಯಲ್ಲಿ ಎಷ್ಟೇ ವೇಗವಾಗಿ ಹೋದರೂ ರಸ್ತೆ ಮಾಯವಾಗುವುದಿಲ್ಲ, ಫ್ರೇಮ್ ಟೈಮ್‌ನ ಗೆರೆ ನೇರವಾಗಿದೆ.

ಉಳಿದದ್ದು ಒಂದೇ. ಬೆಟ್ಟಗಾಡಿನಲ್ಲಿ ಎಫ್‌ಪಿಎಸ್ 42ರಿಂದ 60ರವರೆಗೆ ಏರಿಳಿಯುತ್ತದೆ, ಅದು ಕಣ್ಣಿಗೆ ಕಿರಿಕಿರಿ. 45ಕ್ಕೆ ಮಿತಿ ಹಾಕಲೇ?

ತುಂಗಾತೀರ:

60 ಹರ್ಟ್ಸ್‌ನ ಸಾಮಾನ್ಯ ಮಾನಿಟರ್‌ನಲ್ಲಿ 45 ಬೇಡ. ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವುದರಿಂದ, 45 ಫ್ರೇಮ್‌ಗಳಲ್ಲಿ ಕೆಲವು ಒಂದು ಸಲ, ಕೆಲವು ಎರಡು ಸಲ ಉಳಿಯುತ್ತವೆ. ಆ ಅಸಮತೆಯೇ ಕಿರಿಕಿರಿಯಾಗಿ ಕಾಣುತ್ತದೆ. 30ಕ್ಕೆ ಮಿತಿ ಹಾಕಿದರೆ ಪ್ರತಿ ಫ್ರೇಮ್ ಸರಿಯಾಗಿ ಎರಡು ಸಲ ಉಳಿಯುತ್ತದೆ. ಫ್ರೇಮ್‌ಗಳನ್ನು ಮಾನಿಟರ್‌ನ ವೇಗಕ್ಕೆ ಹೊಂದಿಸುವ, ಆಟದ ವಿಸಿಂಕ್ ಆಯ್ಕೆಯಲ್ಲಿ ಹಾಫ್ ಎಂದಿರುವುದು ಇದೇ. ಕಾರು ಓಡಿಸುವಾಗ 30 ನಿಧಾನ ಅನಿಸಿದರೆ, ರೆಸಲ್ಯೂಶನ್ ಅನ್ನು 1600×900ಕ್ಕೆ ಇಳಿಸಿ 60ರ ಮಿತಿ ಇಡಿ. 1080ಕ್ಕಿಂತ ಮೂರರಲ್ಲೊಂದು ಭಾಗದಷ್ಟು ಪಿಕ್ಸೆಲ್‌ಗಳು ಕಡಿಮೆಯಾಗುವುದರಿಂದ ನಿಮ್ಮ ಕಾರ್ಡ್ ಬೆಟ್ಟಗಾಡಿನಲ್ಲೂ ಹೆಚ್ಚುಕಡಿಮೆ 60ನ್ನು ಹಿಡಿದಿಟ್ಟುಕೊಳ್ಳಬೇಕು. ಎರಡನ್ನೂ ಒಂದೊಂದು ಸಂಜೆ ಆಡಿ ನೋಡಿ, ತಮ್ಮನ ಕಣ್ಣಿಗೆ ಹಿತವಾದದ್ದನ್ನು ಉಳಿಸಿಕೊಳ್ಳಿ.